ಮಂಡ್ಲಾ ಹತ್ತಿದ ಶಿಕಾರಿಪುರದ ಬಸ್ಸು

ಜೋಹಾನ್ಸ್‌ಬರ್ಗ್: ಮೊದಲ ನಗು

ಆಫ್ರಿಕಾದಲ್ಲಿ ನನ್ನನ್ನು ನೋಡಿ ಮೊದಲು ನಕ್ಕವರು ಜೋಹಾನ್ಸ್‌ಬರ್ಗ್ ವಿಮಾನ ನಿಲ್ದಾಣದ ತಪಾಸಣೆಯ ಅಧಿಕಾರಿ. ಅವರು ನನ್ನ ಚೀಲದೊಳಗಿಂದ ಬಿಳಿಯ ಗಟ್ಟಿಯೊಂದನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿ, ಬೆಳಕಿಗೆ ತೋರಿಸಿ, ಮೂಸಿ, ಪಕ್ಕದವರನ್ನು ಕರೆದರು. ಪಕ್ಕದವರು ಇನ್ನೊಬ್ಬರನ್ನು ಕರೆದರು. ಕೊನೆಗೆ ಒಂದು ನಾಯಿಯೂ ಬಂತು. ಅದು ಗಟ್ಟಿಯನ್ನು ಮೂಸಿ ಒಂದು ಸಲ ಸೀನಿ, ನನ್ನ ಮುಖ ನೋಡಿತು.

ನನ್ನ ಇಂಗ್ಲಿಷ್ ಅಂಗಡಿ ಇಂಗ್ಲಿಷ್. ವಿಭೂತಿಗೆ ಇಂಗ್ಲಿಷಿನಲ್ಲಿ ಏನು ಅನ್ನುತ್ತಾರೋ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. 'ಪೂಜಾ ಸಾರ್, ಪೂಜಾ' ಎಂದೆ. ಅವರ ಮುಖ ಇನ್ನೂ ಬಿಗಿಯಾಯಿತು. ಬೇರೆ ದಾರಿ ಕಾಣದೆ ಮೂರು ಬೆರಳನ್ನು ನೀರಿನ ಬಾಟಲಿಯಲ್ಲಿ ಒದ್ದೆ ಮಾಡಿಕೊಂಡು, ಗಟ್ಟಿಯ ಮೇಲೆ ಉಜ್ಜಿ, ಹಣೆಯ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು, ಕಣ್ಣು ಮುಚ್ಚಿ ಕೈಮುಗಿದು ನಿಂತೆ. ಆಮೇಲೆ ಆ ಅಧಿಕಾರಿ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ನಕ್ಕು, ಟೋಪಿ ತೆಗೆದು, ತಮ್ಮ ಹಣೆಯನ್ನೂ ಮುಂದಕ್ಕೆ ಚಾಚಿದರು. ಬಳಿದೆ. ನಾನು ಮುಂದಿನ ವಿಮಾನಕ್ಕೆ ಓಡುವಾಗ ತಿರುಗಿ ನೋಡಿದರೆ ಅವರು ಹಾಗೇ ಮೂರು ಪಟ್ಟೆಯಲ್ಲೇ ಮುಂದಿನವರ ಪೆಟ್ಟಿಗೆ ಬಿಚ್ಚಿಸುತ್ತಿದ್ದರು.

ಇಷ್ಟು ಸುಲಭವಾಗಿ ನಗುವ ದೇಶವಾದರೆ ನನ್ನ ಕೆಲಸ ಆದ ಹಾಗೇ ಅಂದುಕೊಂಡೆ. ಏಕೆಂದರೆ ನಾನು ಅಲ್ಲಿಗೆ ಹೋಗಿದ್ದೇ ನಗಿಸಲಿಕ್ಕೆ.

ನಾನು ವೀರಭದ್ರಪ್ಪ. ಶಿಕಾರಿಪುರದ ಪೇಟೆಯಲ್ಲಿ ನಮ್ಮದು ಸ್ಟೀಲ್ ಪಾತ್ರೆ ಅಂಗಡಿ. ಹಗಲು ಪಾತ್ರೆ, ಸಂಜೆ ಪಾತ್ರ ಎಂದು ಊರಿನವರು ತಮಾಷೆ ಮಾಡುತ್ತಾರೆ. ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಹಾಸ್ಯದ ಪಾತ್ರ ಯಾವುದಿದ್ದರೂ ನನಗೇ. ಅದಲ್ಲದೆ 'ಸೊರಬದ ಬಸ್ಸು' ಅಂತ ಒಬ್ಬನೇ ಮಾಡುವ ಒಂದು ಪ್ರಸಂಗವಿದೆ. ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸು. ಡ್ರೈವರು, ಕಂಡಕ್ಟರು, ಹತ್ತುವವರು, ಇಳಿಯುವವರು, ಹತ್ತಲೋ ಬೇಡವೋ ಅಂತ ಬಾಗಿಲಲ್ಲೇ ನಿಂತವರು, ಎಲ್ಲರೂ ನಾನೇ. ಆನವಟ್ಟಿಯಿಂದ ಬಳ್ಳಿಗಾವಿಯವರೆಗೆ ಗಣಪತಿ ಪೆಂಡಾಲುಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅದನ್ನು ಕೇಳಿ ಮಾಡಿಸುತ್ತಾರೆ.

ಕುಪ್ಪಗಡ್ಡೆಯ ಪರಶುರಾಮ ನನ್ನ ಜೊತೆ ಹೈಸ್ಕೂಲು ಓದಿದವನು. ಡಾಕ್ಟರಾಗಿ, ಮೊದಲು ಜಾಂಬಿಯಾಕ್ಕೆ ಹೋಗಿ, ಆಮೇಲೆ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ನೆಲೆ ನಿಂತಿದ್ದ. ಅಲ್ಲಿ ಕರಿಯರು, ಬಿಳಿಯರು ಎನ್ನದೆ ಎಲ್ಲರೂ ಮೊದಲ ಸಲ ಓಟು ಹಾಕಿ ಹೊಸ ಸರ್ಕಾರ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅದಕ್ಕೆ ಮುಂಚೆ ನಮ್ಮ ದೇಶದ ಪಾಸ್‌ಪೋರ್ಟು ಆ ದೇಶಕ್ಕೆ ನಡೆಯುತ್ತಿರಲಿಲ್ಲವಂತೆ. ಒಂದು ದಿನ ಅವನ ಫೋನು ಬಂತು.

"ಲೇ ಭದ್ರಾ, ಮದುವೆ ಸೀಸನ್ ಮುಗೀತಲ್ಲ, ಮಳೆಗಾಲದಾಗೆ ನಿನ್ನ ಅಂಗಡಿಗೆ ಯಾರು ಬರ್ತಾರೆ ಮಾರಾಯ? ಇಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ ಐತೆ. ನಿನ್ನ ಬಸ್ಸು ತಗಂಡು ಬಾ."

"ಅಲ್ಲಿಯೋರಿಗೆ ಕನ್ನಡ ಬರ್ತೈತೇನೋ?"

"ಎಂತ ಕನ್ನಡ. ನಾನು ಇಂಗ್ಲಿಷಿನಾಗೆ ಹೇಳ್ತಾ ಹೋಗ್ತೀನಿ. ನೀನು ನಗಿಸು ಸಾಕು."

ಡರ್ಬನ್: ನಗದ ಸಭೆ

ಜೂನ್ ತಿಂಗಳಲ್ಲಿ ನಮ್ಮಲ್ಲಿ ಬಿತ್ತನೆ ಭರಾಟೆ. ಅಲ್ಲಿ ಚಳಿಗಾಲ. ಪರಶುರಾಮ ಮೊದಲ ದಿನವೇ ನನ್ನನ್ನು ಊಟಕ್ಕೆ ಕರೆದುಕೊಂಡು ಹೋದ. ಅಲ್ಲಿ ಅರ್ಧ ಬ್ರೆಡ್ಡಿನ ಹೊಟ್ಟೆ ಬಗೆದು, ಅದರೊಳಗೆ ಸಾರು ತುಂಬಿ, ತಟ್ಟೆಯೂ ಇಲ್ಲದೆ ಕಾಗದದ ಮೇಲೆ ಇಟ್ಟುಕೊಡುತ್ತಾರೆ. ನನಗೆ ಕಾಳಿನ ಸಾರು ಹಾಕಿಸಿದ. ರುಚಿ ಬಹಳ ಚೆನ್ನಾಗಿತ್ತು. ಆದರೆ ಪಾತ್ರೆಯನ್ನೇ ತಿಂದುಬಿಡುವ ಊರಿನಲ್ಲಿ ನನ್ನಂಥ ವ್ಯಾಪಾರಿ ಬದುಕುವುದು ಹೇಗೆ ಎಂದು ಯೋಚನೆಯಾಯಿತು.

ಸಂಘದ ಸಭಾಂಗಣ ತುಂಬಿತ್ತು. ತಮಿಳು, ತೆಲುಗು, ಗುಜರಾತಿ ಮನೆತನಗಳ ಜನ. ಆದರೆ ಅಜ್ಜ ಮುತ್ತಜ್ಜಂದಿರ ಕಾಲಕ್ಕೇ ಬಂದವರು; ಈಗ ಎಲ್ಲರದೂ ಇಂಗ್ಲಿಷೇ. ನಾನು ಕಂಡಕ್ಟರಾಗಿ, ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು ಶುರು ಮಾಡಿದೆ. "ಮುಂದೆ ಹೋಗ್ರೀ, ಮುಂದೆ ಹೋಗ್ರೀ! ಒಳಗೆ ಫುಟ್‌ಬಾಲ್ ಆಡೋ ಅಷ್ಟು ಜಾಗ ಐತೆ!"

ಇದಕ್ಕೆ ನಮ್ಮಲ್ಲಿ ಪೆಂಡಾಲು ಹಾರಿಹೋಗುವ ಹಾಗೆ ನಗುತ್ತಾರೆ. ಪರಶುರಾಮ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು, ಪ್ರಯಾಣಿಕರು ದಯವಿಟ್ಟು ಮುಂದೆ ಸಾಗಬೇಕೆಂದು ನಿರ್ವಾಹಕರು ವಿನಂತಿಸುತ್ತಿದ್ದಾರೆ ಎಂಬರ್ಥದ ಇಂಗ್ಲಿಷ್ ಹೇಳಿದ. ಸಭೆ ಗಂಭೀರವಾಗಿ ತಲೆಯಾಡಿಸಿತು. ಮುಂದಿನ ಮಾತು, ಮತ್ತೆ ಅವನ ಇಂಗ್ಲಿಷು, ಮತ್ತೆ ತಲೆಯಾಡಿಸಿದರು. ನನ್ನ ಬಸ್ಸು ಶಿರಾಳಕೊಪ್ಪ ದಾಟುವ ಹೊತ್ತಿಗೆ ಎದುರಿನ ಸಾಲಿನ ಒಬ್ಬರು ಕೋಟಿನ ಗುಂಡಿ ಎಣಿಸುತ್ತಿದ್ದರು.

ಮಾತೇ ಬೇಡವೆಂದು ಅಜ್ಜಿಯನ್ನು ಬಸ್ಸಿಗೆ ಹತ್ತಿಸಿದೆ. ಸೆರಗಿನೊಳಗೆ ಕೋಳಿ ಬಚ್ಚಿಟ್ಟುಕೊಂಡು, ಕೋಳಿಗೂ ಟಿಕೆಟ್ ಕೇಳಿಯಾರು ಎಂಬ ಹೆದರಿಕೆಯಲ್ಲಿ, ಏನೂ ಇಲ್ಲದವಳ ಹಾಗೆ ಆಚೀಚೆ ನೋಡುತ್ತ ಹತ್ತುವ ಅಜ್ಜಿ. ಸೆರಗು ಒಳಗಿನಿಂದ ಎಗರುತ್ತದೆ. ಅಜ್ಜಿ ಕೆಮ್ಮುತ್ತಾಳೆ. ಆಗ ಸಭೆಯ ಹಿಂದಿನಿಂದ ಒಬ್ಬರು ನಕ್ಕರು. ಒಬ್ಬರೇ. ಆದರೆ ಎಂಥ ನಗು! ಖಾಲಿ ಕೊಳಗ ಉರುಳಿಸಿದ ಹಾಗೆ. ಮುಗಿಯುವವರೆಗೂ ಆ ಒಂದು ನಗುವನ್ನೇ ಹಿಡಿದುಕೊಂಡು ಬಸ್ಸನ್ನು ಹೇಗೋ ಸೊರಬ ಮುಟ್ಟಿಸಿದೆ.

ನನ್ನ ನಂತರ ವೇದಿಕೆಗೆ ಬಂದದ್ದು ಆ ನಗುವಿನ ಯಜಮಾನನೇ. ದೊಡ್ಡ ಆಳು, ಬೋಳು ತಲೆ, ನನ್ನದೇ ವಯಸ್ಸು. ಹೆಸರು ಮಂಡ್ಲಾ. ಆ ನಾಡಿನಲ್ಲಿ ಸಿನಿಮಾ, ರೇಡಿಯೋ, ಟಿವಿ, ನಾಟಕ ಎಲ್ಲದರಲ್ಲೂ ಹೆಸರು ಮಾಡಿದ ನಟನಂತೆ. ಆಮೇಲೆ ನಮ್ಮಿಬ್ಬರಿಗೂ ಅಷ್ಟು ಸ್ನೇಹ ಬೆಳೆದದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ.

ಅವನು ಏನೂ ವೇಷ ಹಾಕಿರಲಿಲ್ಲ. ಒಂದು ಕರವಸ್ತ್ರ, ಅಷ್ಟೇ. ಅದನ್ನು ಕೊರಳಿಗೆ ಸಿಕ್ಕಿಸಿದರೆ ಚರ್ಚಿನ ಪಾದ್ರಿ; ಕಂಕುಳಲ್ಲಿಟ್ಟು ನೇವರಿಸಿದರೆ ನಾಯಿಮರಿ ಹೊತ್ತ ಬಿಳಿಯ ದೊರೆಸಾನಿ; ಹೆಗಲಿಗೆ ಹಾಕಿದರೆ ಗಿರಾಕಿ ಹೋದ ಮೇಲೆ ಗೊಣಗುವ ಗುಜರಾತಿ ಅಂಗಡಿಯವ. ಅವನ ಮೈಯ ಅಳತೆಯೇ ಬದಲಾಗುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಕಣ್ಣೆದುರೇ ಸಣ್ಣಗಾಗಿ, ಅಂಜುಬುರುಕ ಗುಮಾಸ್ತನಾಗಿ, ಮರುಗಳಿಗೆಗೆ ಬಾಗಿಲು ತುಂಬುವ ಪೊಲೀಸನಾಗಿ ನಿಂತ. ಗುಂಡಿ ಎಣಿಸುತ್ತಿದ್ದವರು ಕುರ್ಚಿಯಿಂದ ಜಾರಿಬಿದ್ದರು. ನನ್ನ ಸೋಲು ನನಗೇ ಮರೆತುಹೋಗಿ ಎದ್ದುನಿಂತು ಚಪ್ಪಾಳೆ ಹೊಡೆದೆ.

ಆಮೇಲೆ ಅವನೇ ಬಂದು ಕೈ ಕುಲುಕಿದ. ಅಲ್ಲಿ ಕೈ ಕುಲುಕುವುದೂ ಮೂರು ಪಟ್ಟಿನದು: ಒಂದು ಸಲ ಅಂಗೈ, ಒಂದು ಸಲ ಹೆಬ್ಬೆರಳು, ಮತ್ತೆ ಅಂಗೈ. ನಾನು ಎರಡನೆಯದರಲ್ಲೇ ಕೈ ಬಿಡಿಸಿಕೊಂಡು ಅವನ ಬೆರಳು ತಿರುಚಿದೆ. ಅವನ ಇಂಗ್ಲಿಷನ್ನು ನನಗೆ ತಿಳಿದಷ್ಟು ನಮ್ಮೂರ ಮಾತಿನಲ್ಲೇ ಬರೆದಿದ್ದೇನೆ. ನನಗೆ ಕೇಳಿಸಿದ್ದೇ ಹಾಗೆ.

"ಆ ಕೋಳಿ ಅಜ್ಜಿ ನಂಗೆ ಗೊತ್ತು. ನಮ್ಮ ಚಿಕ್ಕಮ್ಮ ಆಕಿ. ನಿಮ್ಮೂರಿಗೆ ಯಾವಾಗ ಬಂದ್ಲು?" ಎಂದ. "ಶನಿವಾರ ನಮ್ಮೂರಾಗೆ ನನ್ನ ಆಟ ಐತೆ. ನೀನೂ ನಿನ್ನ ಬಸ್ಸು ತಗಂಡು ಬಾ. ಆದ್ರೆ ಡಾಕ್ಟ್ರನ್ನ ಇಲ್ಲೇ ಬಿಟ್ಟು ಬಾ."

ಪರಶುರಾಮನಿಗೆ ಸಿಟ್ಟು ಬರಲಿಲ್ಲ. "ಹೋಗು ಮಾರಾಯ. ಎಂತ ಹೆದರ್ಕಂತೀಯ? ನಾನು ಆಪರೇಷನ್ ಮಾಡಿದ್ರೆ ಪೇಷಂಟು ಬದುಕ್ತಾನೆ, ಜೋಕು ಮಾತ್ರ ಬದುಕೋದಿಲ್ಲ" ಎಂದು ನಕ್ಕ.

ದಾರಿಯಲ್ಲಿ: ಪಾದ್ರಿ ಆದದ್ದು, ಪೀಟರ್ ಆದದ್ದು

ಆ ನಾಡಿನಲ್ಲಿ 'ಜಸ್ಟ್ ನೌ' ಎಂದರೆ ಈಗಲೇ ಎಂದು ಅರ್ಥವಲ್ಲ. ಯಾವಾಗಲಾದರೂ ಎಂದರ್ಥ. ಮಂಡ್ಲಾ ಜಸ್ಟ್ ನೌ ಬರ್ತೀನಿ ಎಂದು ಫೋನು ಮಾಡಿದ ಮೇಲೆ ನಾನು ಎರಡು ಸಲ ತಿಂಡಿ ತಿಂದೆ. ಆದರೆ ನಾವು ಹೊರಡುವಾಗ 'ಬರ್ತೀನಿ' ಎನ್ನುತ್ತೇವಲ್ಲ, ಅದನ್ನು ಕೇಳಿ ಅವನು ಪಟ್ಟ ಆಶ್ಚರ್ಯ ನನ್ನದಕ್ಕಿಂತ ದೊಡ್ಡದು. "ಹೋಗೋನು ಬರ್ತೀನಿ ಅಂತಾನಾ? ಹಂಗಾರೆ ನಿಮ್ಮೂರಾಗೆ ಯಾರು ಹೋಗಿದಾರೆ, ಯಾರು ಬಂದಿದಾರೆ ಅಂತ ಹೆಂಗೆ ತಿಳಿಯುತ್ತೆ?"

ಅವನ ಹಳೆಯ ಕಾರಿನ ಕಿಟಕಿಯ ಗಾಜು ಮೇಲೇಳುತ್ತಿರಲಿಲ್ಲ. ಚಳಿಗಾಳಿಗೆ ಮಫ್ಲರ್ ಸುತ್ತಿಕೊಂಡು ಕೂತೆ. ಎರಡೂ ಕಡೆ ಗುಡ್ಡದ ಮೇಲೆ ಗುಡ್ಡ, ಎಲ್ಲದರ ಮೇಲೂ ಕಬ್ಬು. ರಸ್ತೆಯ ಪಕ್ಕ ಜನ ಒಂದೊಂದು ಥರ ಬೆರಳು ತೋರಿಸುತ್ತ ನಿಂತಿರುತ್ತಿದ್ದರು. ಬೆರಳು ಮೇಲೆತ್ತಿದರೆ ಪಟ್ಟಣಕ್ಕೆ, ಕೆಳಗೆ ತೋರಿಸಿದರೆ ಇಲ್ಲೇ ಹತ್ತಿರಕ್ಕೆ. ಅದನ್ನು ನೋಡಿ, ಅಲ್ಲಿ ಬಸ್ಸಿನ ಬದಲು ಜನ ಸಾಗಿಸುವ ವ್ಯಾನಿನವರು ನಿಲ್ಲಿಸುತ್ತಾರೆ ಅಥವಾ ಹಾಗೇ ಹೋಗುತ್ತಾರೆ. ನಮ್ಮಲ್ಲಿ ಬಸ್ಸಿಗೆ ಕೈ ಅಡ್ಡ ಹಾಕಿ, ಬಸ್ಸು ನಿಂತ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತೇವೆ. ನಾನು ಸುಮ್ಮನೆ ಕಿಟಕಿಯಿಂದ ಬೆರಳು ಆಚೆ ಹಾಕಿದ್ದಕ್ಕೆ ಒಂದು ವ್ಯಾನು ನಮ್ಮ ಪಕ್ಕಕ್ಕೇ ಬಂದು, ಕಾರಿನಲ್ಲಿ ಕೂತವನಿಗೆ ಇನ್ನೊಂದು ವಾಹನ ಯಾಕೆ ಬೇಕು ಎಂದು ಬೈದು ಹೋಯಿತು.

ಮಂಡ್ಲಾ ತನ್ನ ಕಥೆ ಹೇಳಿದ್ದು ಆ ದಾರಿಯಲ್ಲೇ. ಹೇಳುತ್ತ ಹೇಳುತ್ತ ಅಭಿನಯಿಸುತ್ತಿದ್ದುದರಿಂದ ಸ್ಟಿಯರಿಂಗಿನ ಮೇಲೆ ಅವನ ಕೈ ಇದ್ದದ್ದು ಕಡಿಮೆ.

ಅವನು ಮೊದಲು ಸಕ್ಕರೆ ಕಾರ್ಖಾನೆಯ ಆಳು. ಮೇಸ್ತ್ರಿಯ ನಡಿಗೆ ಮಾಡಿ ತೋರಿಸುತ್ತಿದ್ದಾಗ ಮೇಸ್ತ್ರಿಯೇ ಹಿಂದೆ ನಿಂತಿದ್ದನಂತೆ. ಅವತ್ತೇ ಕೆಲಸ ಹೋಯಿತು. ಊರೂರು ತಿರುಗುವ ಹಾಡು-ಕುಣಿತದ ತಂಡ ಸೇರಿ ಲಾರಿಯ ಮೇಲೆ ನಿಂತು ಅತ್ತೆಯ ಪಾತ್ರ ಮಾಡಿದ. ಆಮೇಲೆ ರೇಡಿಯೋ ನಾಟಕ. ಅದರಲ್ಲಿ ಮುದುಕನ ದನಿ, ಮಗುವಿನ ದನಿ, ನಾಯಿಯ ದನಿ ಎಲ್ಲ ಇವನದೇ.

"ಒಂದು ವಾರ ಮುದುಕ ಸತ್ತ. ಪಾದ್ರಿ ಪಾತ್ರದೋನು ಬಂದಿರ್ಲಿಲ್ಲ. ನನ್ನ ಹೆಣಕ್ಕೆ ನಾನೇ ಪ್ರಾರ್ಥನೆ ಹೇಳಿದೆ, ನಾಯಿ ಆಗಿ ನಾನೇ ಅತ್ತೆ."

ಆ ಪಾದ್ರಿಯ ದನಿಯೇ ಇನ್ನೊಮ್ಮೆ ಜೀವ ಉಳಿಸಿತಂತೆ. ಹಳೆಯ ಸರ್ಕಾರದ ಕಾಲದಲ್ಲಿ, ಸರ್ಕಾರವನ್ನು ಟೀಕಿಸುವ ನಾಟಕವೊಂದನ್ನು ಚರ್ಚಿನೊಳಗೆ ಕದ್ದು ಆಡುತ್ತಿದ್ದರು. ಅರ್ಧಕ್ಕೆ ಬೂಟಿನ ಸದ್ದು. ಜೈಲರನ ಪಾತ್ರದಲ್ಲಿದ್ದ ಮಂಡ್ಲಾ ಕೋಟು ಹಿಂದುಮುಂದಾಗಿ ತೊಟ್ಟು ಕೈ ಮೇಲೆತ್ತಿ, "ಮಕ್ಕಳೇ, ತಲೆ ಬಾಗಿಸಿ" ಅಂದ. ಪ್ರೇಕ್ಷಕರೆಲ್ಲ ಒಂದೇ ದನಿಯಲ್ಲಿ ಭಜನೆ ಎತ್ತಿದರು. ಪೊಲೀಸರು ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ಪ್ರಾರ್ಥನೆ ಮುಗಿಯುವವರೆಗೆ ಕಾದರು. ಮಂಡ್ಲಾ ಪ್ರಾರ್ಥನೆ ಮುಗಿಸಲೇ ಇಲ್ಲ. ಅವರೇ ಬೇಸತ್ತು ಹೋದರು.

ನಾನು ಡ್ಯಾಶ್‌ಬೋರ್ಡು ಗುದ್ದಿ ನಕ್ಕೆ. ಅದರ ಬಾಗಿಲು ಕಳಚಿ ನನ್ನ ತೊಡೆಯ ಮೇಲೆ ಬಿತ್ತು.

"ಇವೆಲ್ಲ ನಮ್ಮೂರಾಗೆ ಯಾರೂ ಕೇಳೋದಿಲ್ಲ" ಎಂದ ಅವನು, ದನಿ ತಗ್ಗಿಸಿ. "ನಮ್ಮೂರಾಗೆ ನಾನು ಪೀಟರ್."

ಪೀಟರ್ ಅವನು ಮಾಡಿದ ಒಂದು ಹಳೆಯ ಸಿನಿಮಾದ ಆಳು. ಬಿಳಿ ಕೈಗವಸು ಹಾಕಿಕೊಂಡು ದೊರೆಯ ಮನೆಯಲ್ಲಿ ಊಟ ಬಡಿಸುವ ಪೆದ್ದ. ಕಣ್ಣು ಇನ್ನೂ ದೊಡ್ಡದು ಮಾಡು, ಇನ್ನೂ ದೊಡ್ಡದು ಎಂದು ನಿರ್ದೇಶಕ ಹೇಳಿದ ಹಾಗೆಲ್ಲ ಮಾಡಿದ. ಸಿನಿಮಾ ಓಡಿತು. ಬೀದಿಯಲ್ಲಿ ಜನ ಪೀಟರ್ ಎಂದೇ ಕೂಗತೊಡಗಿದರು. ಅವನ ಊರಿನ ಸಭಾಭವನದಲ್ಲಿ ಆ ಸಿನಿಮಾ ತೋರಿಸಿದ ದಿನ ಅವನನ್ನು ಸಾಕಿ ಬೆಳೆಸಿದ ಅಕ್ಕ ನೊಮ್ಸಾ ಮೊದಲ ಸಾಲಿನಲ್ಲಿ ಕೂತಿದ್ದರು. ಪೀಟರ್ ಕಣ್ಣು ಹೊರಳಿಸಿದಾಗ ಇಡೀ ಸಭೆ ನಕ್ಕಿತು. ಅಕ್ಕ ಎದ್ದು ಹೊರಟುಹೋದರು.

"ಆವತ್ತಿಂದ ನನ್ನ ಯಾವ ಆಟಾನೂ ಅಕ್ಕ ನೋಡಿಲ್ಲ. ಆ ಭವನದಾಗೆ ನಾನೂ ಕಾಲಿಟ್ಟಿಲ್ಲ. ಜಡ್ಜ್ ಆದೆ, ರಾಜ ಆದೆ, ಟಿವಿ ಒಳಗೆ ಡಾಕ್ಟ್ರು ಆದೆ. ಈಗ ಭವನ ರಿಪೇರಿ ಮಾಡಿ, ಬಾ ಅಂತ ಕರೆದಿದಾರೆ." ನನ್ನ ಕಡೆ ತಿರುಗಿದ. "ಭದ್ರಾ, ನಂಗೆ ಹೆದರಿಕೆ ಆಗುತ್ತೆ. ಮೊದ್ಲು ನೀನು ಹೋಗು."

ನೊಮ್ಸಾ ಅಕ್ಕನ ಅಡುಗೆಮನೆ

ಅಲ್ಲಿ ಯಾರೇ ಎದುರಾದರೂ 'ಸಾವುಬೋನಾ' ಎನ್ನುತ್ತಾರೆ. ನಿನ್ನನ್ನು ಕಂಡೆ ಎಂದರ್ಥವಂತೆ. ಕನ್ನಡದ ಕಿವಿಗೆ ಬೆಳಗೆದ್ದು ಒಬ್ಬೊಬ್ಬರೂ ಸಾವು ಸಾವು ಎಂದರೆ ಹೇಗಾಗಬೇಡ! ಬಾಗಿಲಲ್ಲಿ ನಿಂತು ನೊಮ್ಸಾ ಅಕ್ಕ ಅದನ್ನೇ ಅಂದಾಗ, ಅವರ ಮುಖದ ಬಿಗಿ ನೋಡಿ, ನಿಜವಾಗಿಯೂ ಅದೇ ಅರ್ಥದಲ್ಲಿ ಹೇಳುತ್ತಿದ್ದಾರೇನೋ ಅನ್ನಿಸಿತು.

ಅವರು ಹೆರಿಗೆ ಮಾಡಿಸುವ ನರ್ಸ್ ಆಗಿದ್ದವರು, ನನಗಿಂತ ಚೆನ್ನಾಗಿ ಇಂಗ್ಲಿಷ್ ಬಲ್ಲವರು. ಆ ಊರಿನ ಅರ್ಧ ಜನ ಹುಟ್ಟಿದಾಗ ಮೊದಲು ಎತ್ತಿಕೊಂಡವರು ಅವರೇ. ರಸ್ತೆಯಲ್ಲಿ ದೊಡ್ಡ ಗಡ್ಡದ ಗಂಡಸರೂ ಅವರನ್ನು ಕಂಡರೆ ಸಿಗರೇಟು ಬೆನ್ನ ಹಿಂದೆ ಮರೆಮಾಡುತ್ತಿದ್ದರು. ಮಾತು ಹೇಗೆ ಶುರು ಮಾಡುವುದೆಂದು ತೋಚದೆ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಾಗ ಒಲೆಯ ಪಕ್ಕದ ಪಾತ್ರೆ ಕಣ್ಣಿಗೆ ಬಿತ್ತು. ಮೂರು ಕಾಲಿನ, ಹೊಟ್ಟೆ ಉಬ್ಬಿದ, ಎರಕದ ಕಬ್ಬಿಣದ ಪಾತ್ರೆ. ನನ್ನ ಜೀವ ತಡೆಯಲಿಲ್ಲ. ಹೋಗಿ ಬೆರಳ ಗೆಣ್ಣಿನಲ್ಲಿ ತಟ್ಟಿ, ಕಿವಿಯಿಟ್ಟು ಸದ್ದು ಕೇಳಿ, ತಿರುವಿ ತಳ ನೋಡಿದೆ.

"ಏನು ಮಾಡ್ತಿದಾನೆ ಇವನು?" ಎಂದು ಅವರು ತಮ್ಮನನ್ನು ಕೇಳಿದರು.

"ಪಾತ್ರೆ ವ್ಯಾಪಾರಿ ಅಕ್ಕಾ."

"ಒಡಕು ಐತಾ?"

"ಇಲ್ಲ ಅಕ್ಕಾ" ಎಂದೆ ನಾನೇ. "ಇಂಥದ್ದು ನಮ್ಮ ಅಂಗಡೀಲಿ ಇದ್ರೆ ನಾನು ಮಾರ್ತಾನೇ ಇರ್ಲಿಲ್ಲ."

ಅವರ ಮುಖದ ಒಂದು ಕಡೆ ಸಡಿಲವಾಯಿತು. ಊಟಕ್ಕೆ ಕೂರಿಸಿದರು. ಮುಸುಕಿನ ಜೋಳದ ಉದುರುದುರು ನುಚ್ಚು, ಮೇಲೆ ಹುಳಿ ಬಂದ ಗಟ್ಟಿ ಹಾಲು. ಬಾಯಿಗಿಟ್ಟೆ. ಅದು ನಮ್ಮ ನುಚ್ಚು-ಮಜ್ಜಿಗೆ! ಸಾವಿರಾರು ಮೈಲಿ ಹಾರಿ ಬಂದು ನಮ್ಮ ಅವ್ವನ ಅಡುಗೆ ಸಿಕ್ಕಿತಲ್ಲ ಎಂದು ಕುಣಿದಾಡುವ ಹಾಗಾಯಿತು. ಚಮಚ ಬದಿಗಿಟ್ಟು ಕೈಯಲ್ಲೇ ಕಲಸಿ ಉಂಡೆ. ಅಕ್ಕ ನೋಡಿ ತಾವೂ ಚಮಚ ಬಿಟ್ಟರು.

"ಪಾತ್ರೆ ಬಿಟ್ರೆ ಇನ್ನೇನು ಮಾಡ್ತೀಯ?" ಎಂದು ಕೇಳಿದರು.

"ಆಟ ಆಡ್ತೀನಿ ಅಕ್ಕಾ. ನಮ್ಮೂರ ಬಸ್ಸಿನಾಗೆ ಓಡಾಡೋ ಮಂದಿ ಥರ ಮಾಡ್ತೀನಿ."

"ಅವ್ರಿಗೆ ಸಿಟ್ಟು ಬರಲ್ವಾ?"

"ನೋಡಾಕೆ ಅವ್ರೇ ಬಂದು ಮುಂದೆ ಕೂತಿರ್ತಾರೆ. ತಪ್ಪು ಮಾಡಿದ್ರೆ ಅಲ್ಲಿಂದ್ಲೇ ಕೂಗಿ ಹೇಳ್ತಾರೆ."

ತಟ್ಟೆ ಎತ್ತುವಾಗ ಮಂಡ್ಲಾ ನೆಲ ನೋಡುತ್ತ, "ನಾಳೆ ಬರ್ತೀಯಾ ಅಕ್ಕಾ?" ಎಂದ. ಅಷ್ಟು ದೊಡ್ಡ ಆಳು ಮತ್ತೆ ಸಣ್ಣಗಾಗಿದ್ದ. ಈ ಸಲ ಅದು ಅಭಿನಯವಾಗಿರಲಿಲ್ಲ.

"ಶನಿವಾರ ಬಟ್ಟೆ ಒಗೀಬೇಕು" ಎಂದರು ಅಕ್ಕ.

ಸಭಾಭವನ: ಶನಿವಾರ ಮಧ್ಯಾಹ್ನ

ನಮ್ಮಲ್ಲಿ ನಾಟಕವೆಂದರೆ ರಾತ್ರಿಯಿಡೀ. ಅಲ್ಲಿ ಕತ್ತಲಾದ ಮೇಲೆ ಓಡಾಡಲು ಜನ ಅಂಜುತ್ತಾರೆ. ಆದ್ದರಿಂದ ಊಟ ಮುಗಿದ ಕೂಡಲೇ ಆಟ. ಹೊಸ ಬಣ್ಣದ ವಾಸನೆ, ತಗಡಿನ ಮಾಡು. ಹೆಂಗಸರು ಕಂಬಳಿ ಹೊದ್ದು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದರು. ಕುರ್ಚಿ ಸಾಲದೆ ಕಿಟಕಿಗಳಲ್ಲೂ ಜನ. ಪರದೆಯ ಸಂದಿಯಿಂದ ಮಂಡ್ಲಾ ಒಂದೊಂದು ಸಾಲನ್ನೂ ಹುಡುಕುತ್ತಿದ್ದ. ಕೊನೆಯ ಗಳಿಗೆಯಲ್ಲಿ ನನ್ನ ತೋಳು ಹಿಡಿದೆಳೆದು ತೋರಿಸಿದ. ನೊಮ್ಸಾ ಅಕ್ಕ ಬಾಗಿಲಲ್ಲಿದ್ದರು. ಯಾರೋ ಏನೋ ಕೇಳಿದ್ದಕ್ಕೆ, ಎಲ್ಲರಿಗೂ ಕೇಳುವ ಹಾಗೆ ಉತ್ತರ ಕೊಟ್ಟರು. ಮಂಡ್ಲಾ ನನ್ನ ಕಿವಿಯಲ್ಲಿ ಅರ್ಥ ಹೇಳಿದ: "ಪಾತ್ರೆಯೋನ ಆಟ ನೋಡಾಕೆ ಬಂದಿದೀನಿ ಅಂತಾಳೆ." ಎರಡನೆಯ ಸಾಲಿನ ತುದಿಯಲ್ಲಿ, ಬೇಕಾದರೆ ಎದ್ದುಹೋಗಲು ಅನುಕೂಲವಾಗುವ ಕುರ್ಚಿಯಲ್ಲಿ ಕೂತರು.

ನಾನು ವೇದಿಕೆಗೆ ನುಗ್ಗಿದೆ. ಕುರ್ಚಿಗಳನ್ನು ಎರಡು ಸಾಲು ಜೋಡಿಸಿಟ್ಟಿದ್ದೆವು, ಬಸ್ಸಿನ ಸೀಟಿನ ಹಾಗೆ. ಅನುವಾದವಿಲ್ಲ, ಮೈಕೂ ಇಲ್ಲ. ಎದೆ ತುಂಬ ಉಸಿರೆಳೆದು, ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕೂಗಿದ ಹಾಗೇ ಕೂಗಿದೆ: "ಬಳ್ಳಿಗಾವಿ, ಶಿರಾಳಕೊಪ್ಪ, ಸೊರಬ! ಸೊರಬ ಸೊರಬ ಸೊರಬಾ! ಹತ್ರೀ ಹತ್ರೀ!"

ಸಭೆ ಭೋರೆಂದು ನಕ್ಕಿತು. ಇನ್ನೂ ಏನೂ ಮಾಡಿರಲಿಲ್ಲ! ವ್ಯಾನಿನ ಬಾಗಿಲಲ್ಲಿ ಜೋತುಬಿದ್ದು ಊರ ಹೆಸರು ಕೂಗುವವರು ಅವರಲ್ಲೂ ಇದ್ದಾರೆ. ಒಬ್ಬ ಹೆಂಗಸು ಕೂತಲ್ಲಿಂದಲೇ "ಸೊರಬಾ!" ಎಂದು ತಿರುಗಿ ಕೂಗಿದರು. ಆಮೇಲೆ ಎಲ್ಲರೂ. ದಕ್ಷಿಣ ಆಫ್ರಿಕಾದ ಒಂದು ಊರಿನ ನೂರಾರು ಜನ ಒಕ್ಕೊರಲಿನಿಂದ ಸೊರಬ ಎಂದು ಕೂಗಿದಾಗ ನನ್ನ ಮೈಯ ಕೂದಲು ನಿಮಿರಿ ನಿಂತವು.

ಕೋಳಿ ಅಜ್ಜಿ ಹತ್ತಿದಳು, ಚಪ್ಪಾಳೆ ನಿಲ್ಲಲಿಲ್ಲ. ಆಗ ವೇದಿಕೆಯ ಬದಿಯಲ್ಲಿ ಒಂದು ಬೆರಳು ಮೇಲೆದ್ದಿತು. ಮಂಡ್ಲಾ! ನಾವು ಇದನ್ನು ಮಾತಾಡಿಕೊಂಡಿರಲಿಲ್ಲ. ನಾನು ಬ್ರೇಕ್ ಹಾಕಿದೆ. ಅವನು ಪಾದ್ರಿಯಾಗಿ ಹತ್ತಿದ, ಮುಂದಿನ ಸ್ಟಾಪಿನಲ್ಲಿ ಕುಡುಕನಾಗಿ ಹತ್ತಿದ, ಆಮೇಲೆ ತುಂಬು ಬಸುರಿಯಾಗಿ ಹತ್ತಿ ಕುಡುಕನನ್ನು ಎಬ್ಬಿಸಿ ಕೂತ. ನಾನು ಕನ್ನಡದಲ್ಲಿ ಬೈದರೆ ಅವನು ಜುಲು ಭಾಷೆಯಲ್ಲಿ ಬೈಯುತ್ತಿದ್ದ. ಒಂದು ಪದವೂ ಗೊತ್ತಿಲ್ಲದೆ ಪ್ರತಿಯೊಂದೂ ಅರ್ಥವಾಗುತ್ತಿತ್ತು. ಅಷ್ಟು ಖುಷಿಯಲ್ಲಿ ನಾನು ಎಂದೂ ಅಭಿನಯಿಸಿರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೂಗಿದ್ದು ಆಗ. "ಪೀಟರ್!"

ಇನ್ನೊಬ್ಬರು ಕೂಗಿದರು. ಆಮೇಲೆ ಹತ್ತಾರು ಜನ, ನಗುತ್ತಲೇ, ಪ್ರೀತಿಯಿಂದಲೇ, "ಪೀಟರ್! ಪೀಟರ್!" ಎಂದು ನೆಲಕ್ಕೆ ಕಾಲು ಬಡಿಯತೊಡಗಿದರು. ಮಂಡ್ಲಾ ನಿಂತುಬಿಟ್ಟ. ಕೆಳಗೆ ನೊಮ್ಸಾ ಅಕ್ಕ ತೊಡೆಯ ಮೇಲಿದ್ದ ಕೈಚೀಲದ ಹಿಡಿಕೆಯನ್ನು ಹೆಗಲಿಗೆ ಏರಿಸಿಕೊಂಡರು.

ಮಂಡ್ಲಾ ಅಕ್ಕನನ್ನು ನೋಡಿದ. ಆಮೇಲೆ ನನ್ನ ತೋಳು ಹಿಡಿದು ಮುಂದಿನ ಕುರ್ಚಿಗೆ ಕೂರಿಸಿ, ಮೆಲ್ಲಗೆ, "ನೀನು ದೊರೆ. ಊಟಕ್ಕೆ ಕೂತಿದೀಯ" ಎಂದ. ಕರವಸ್ತ್ರವನ್ನು ತೋಳಿನ ಮೇಲೆ ಹಾಸಿಕೊಂಡು, ಇಲ್ಲದ ಕೈಗವಸನ್ನು ಒಂದೊಂದೇ ಬೆರಳಿಗೆ ಏರಿಸಿಕೊಂಡು ನಿಂತ. ಸಭೆ ಚೀರಿತು. ಪೀಟರ್ ಬಂದಿದ್ದ.

ನಾನು ದೊರೆಯ ಗತ್ತಿನಲ್ಲಿ ಆಕಳಿಸಿದೆ. ಎದುರಿಗೇ ಇರುವ ಉಪ್ಪನ್ನು ಕಾಣದೆ ಹುಡುಕಿದೆ. ಹಣೆಯ ಮೇಲಿರುವ ಕನ್ನಡಕಕ್ಕಾಗಿ ಜೇಬು ತಡಕಿದೆ. ಬೂಟಿನ ಲಾಡಿ ಕಟ್ಟಿಸಿಕೊಳ್ಳಲು ಕಾಲು ಚಾಚಿದೆ. ಪೀಟರ್ ಎಲ್ಲವನ್ನೂ ಮಾಡಿದ. ಜನ ಕಾದಿದ್ದರು, ಈಗ ಕಣ್ಣು ಹೊರಳಿಸುತ್ತಾನೆ ಎಂದು. ಅವನು ಹೊರಳಿಸಲೇ ಇಲ್ಲ. ಕೆಲಸ ಮುಗಿಸಿ, ದೊರೆಗೆ ಬಾಗಿ, ವೇದಿಕೆಯ ಆ ತುದಿಗೆ ನಡೆದು, ಇಲ್ಲದ ಬಾಗಿಲೊಂದನ್ನು ತಟ್ಟಿ, ತಿರುಗಿ ನನ್ನನ್ನು ನೋಡಿದ.

ಅವನ ಮನೆ! ನನಗೆ ಹೊಳೆಯಿತು. ಅಲ್ಲಿ ಯಾರಾದರೂ ಇರಬೇಕಲ್ಲ. ಎದ್ದು ಓಡಿ, ಮಫ್ಲರನ್ನು ತಲೆಯ ಮೇಲೆ ಸೆರಗಿನ ಹಾಗೆ ಎಳೆದುಕೊಂಡು, ಸೊಂಟಕ್ಕೆ ಕೈಯಿಟ್ಟು ಬಾಗಿಲು ತೆಗೆದೆ.

"ಈಗ ಬಂದ್ರಾ? ಅನ್ನ ಆರಿ ಕಲ್ಲಾಗೈತೆ! ಬರ್ರೀ ಒಳಗೆ, ಅಲ್ಲೇ ಏನು ನಿಂತ್ರಿ!"

ಹೆಂಗಸರ ಕಡೆಯಿಂದ ಎದ್ದ ನಗುವಿಗೆ ಮಾಡಿನ ತಗಡು ಅದುರಿತು. ಪೀಟರ್ ಒಳಗೆ ಬಂದ. ಕೂತ. ಹೆಂಡತಿಗೆ ಇವತ್ತಿನ ಸುದ್ದಿ ಹೇಳತೊಡಗಿದ. ದೊರೆ ಆಕಳಿಸಿದ್ದು, ಎದುರಿಗಿದ್ದ ಉಪ್ಪು ಹುಡುಕಿದ್ದು, ಹಣೆಯ ಮೇಲಿನ ಕನ್ನಡಕಕ್ಕೆ ಜೇಬು ತಡಕಿದ್ದು. ನಾನು ಆಗತಾನೇ ಮಾಡಿದ್ದನ್ನೆಲ್ಲ ಒಂದು ಕೂದಲೂ ಬಿಡದೆ ಮಾಡಿ ತೋರಿಸಿದ. ಕೊನೆಗೆ ಕಣ್ಣು ಹೊರಳಿಸಿದ. ಬೂಟಿನ ಲಾಡಿ ಕಟ್ಟಲು ಬಾರದೆ ಬೆಪ್ಪಾದ ದೊರೆಯ ಕಣ್ಣು ಅದು. ಆಗ ಎದ್ದಂಥ ಗದ್ದಲವನ್ನು ನಾನು ಬೇರೆಲ್ಲೂ ಕೇಳಿಲ್ಲ. ಜನ ಕುರ್ಚಿ ಹತ್ತಿ ನಿಂತಿದ್ದರು.

ಮಂಡ್ಲಾ ಗದ್ದಲ ಇಳಿಯುವವರೆಗೆ ಕಾದ. ಕೈಗವಸು ಕಳಚಿ, ಮಡಿಸಿ ಪಕ್ಕಕ್ಕಿಟ್ಟ. ತಲೆ ತಗ್ಗಿಸಿ ಊಟ ಮಾಡತೊಡಗಿದ. ಹಸಿದ ಮನುಷ್ಯ ತನ್ನ ಮನೆಯಲ್ಲಿ ಉಣ್ಣುವ ಹಾಗೆ, ನಿಧಾನವಾಗಿ. ಯಾರೂ ನಗಲಿಲ್ಲ. ನಾನು ಇಲ್ಲದ ಸೌಟು ಕೈಗೆತ್ತಿಕೊಂಡೆ.

"ಇನ್ನೊಂಚೂರು ಹಾಕ್ಲಾ?" ಎಂದೆ.

ಅವನು ಸಾಕೆಂದು ಕೈ ಅಡ್ಡ ಹಿಡಿದ.

ಅಲ್ಲಿಯ ಜನ ಮನಸ್ಸು ತುಂಬಿ ಬಂದರೆ ಚಪ್ಪಾಳೆಯಲ್ಲಿ ನಿಲ್ಲಿಸುವುದಿಲ್ಲ, ಹಾಡುತ್ತಾರೆ. ಒಂದು ಮೂಲೆಯಲ್ಲಿ ಒಬ್ಬರು ಎತ್ತಿದರು, ಇಡೀ ಭವನ ದನಿ ಸೇರಿಸಿತು. ನಾವಿಬ್ಬರೂ ವೇದಿಕೆಯ ಮೇಲೆ ಒದ್ದೆ ಕಣ್ಣಿನಲ್ಲಿ ನಿಂತಿದ್ದೆವು. ಎರಡನೆಯ ಸಾಲಿನ ತುದಿಯ ಕುರ್ಚಿ ಖಾಲಿಯಾಗಿತ್ತು.

ಪರದೆಯ ಹಿಂದೆ

ಅಕ್ಕ ಹೊರಟುಹೋಗಿರಲಿಲ್ಲ. ನಾವು ಒಳಗೆ ಬರುವಷ್ಟರಲ್ಲಿ ಪರದೆಯ ಹಿಂದೆ ಕೈಚೀಲ ಹಿಡಿದು ನಿಂತಿದ್ದರು. ಮಂಡ್ಲಾ ಅಪರಾಧಿಯ ಹಾಗೆ ನಿಂತ. ಅವರು ಅವನ ಮುಖವನ್ನು ತುಂಬ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು. ಅದನ್ನು ಅವನು ಆಮೇಲೆ ನನಗೆ ಹೇಳಿದ.

"ಆ ಪೀಟರ್‌ಗೆ ಒಂದು ಮನೆ ಇತ್ತು ಅಂತ ಇಷ್ಟು ವರ್ಷ ನೀನು ಯಾಕೋ ನಂಗೆ ಹೇಳ್ಲಿಲ್ಲ?"

"ನಂಗೂ ಈಗ್ಲೇ ಗೊತ್ತಾಗಿದ್ದು, ಅಕ್ಕಾ."

ಅವರು ಅವನ ಬೋಳು ತಲೆಯ ಮೇಲೆ ಅಂಗೈ ಇಟ್ಟರು. ಅವನು ಅದಕ್ಕೆ ಅನುಕೂಲವಾಗುವಂತೆ ಬಗ್ಗಿದ. ನಾನು ಆಚೆ ನೋಡಿದೆ.

ಆಮೇಲೆ ನನ್ನ ಸರದಿ. "ನೀನು, ಹೆಂಡ್ತಿ, ಬಾ ಇಲ್ಲಿ" ಎಂದರು. "ತಲೆಗೆ ಬಟ್ಟೆ ಕಟ್ಟೋದು ಹಂಗಲ್ಲ." ತಮ್ಮ ತಲೆಯ ಬಟ್ಟೆಯನ್ನೇ ಬಿಚ್ಚಿ, ನನ್ನ ತಲೆಗೆ ಸುತ್ತಿ, ಕಿವಿ ನೋಯುವ ಹಾಗೆ ಬಿಗಿದು ಹಿಂದೆ ಗಂಟು ಹಾಕಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಹ್ಞಾ, ನಾಳೆ ಹಿಂಗೆ ಕಟ್ಕಂಡು ಮಾಡು" ಎಂದರು.

"ನಾಳೆ ಆಟ ಎಲ್ಲೈತೆ ಅಕ್ಕಾ?" ಎಂದ ಮಂಡ್ಲಾ.

"ಇಲ್ಲೇ. ನಮ್ಮ ಚರ್ಚಿನ ಹೆಂಗಸರು ಯಾರೂ ಇವತ್ತು ಬಂದಿಲ್ಲ. ನಾನೇ ಬರಬೇಡಿ ಅಂದಿದ್ದೆ."

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವರನ್ನೆಲ್ಲ ಕರೆತಂದು ಮುಂದಿನ ಸಾಲುಗಳಲ್ಲಿ ಕೂರಿಸಿದರು. ತಾವು ಮಧ್ಯದಲ್ಲಿ ಕೂತರು. ನನ್ನ ಬಸ್ಸು ಇನ್ನೂ ಶಿರಾಳಕೊಪ್ಪ ಮುಟ್ಟಿರಲಿಲ್ಲ; ಕೋಳಿ ಅಜ್ಜಿ ಇಳಿಯುತ್ತಿದ್ದಳು; ಮಂಡ್ಲಾ ಪಾದ್ರಿಯಾಗಿ ಹತ್ತಲು ಬೆರಳು ಎತ್ತಿದ್ದ. ಅಷ್ಟರಲ್ಲೇ ಸಭೆಯಿಂದ ಯಾರೋ "ಪೀಟರ್!" ಎಂದು ಗಟ್ಟಿಯಾಗಿ ಕೂಗಿದರು. ನಾವಿಬ್ಬರೂ ತಿರುಗಿ ನೋಡಿದೆವು. ಕೂಗಿದವರು ನೊಮ್ಸಾ ಅಕ್ಕ.